ಹಿಮ ಬಿಳಿಯಲ್ಲ

ಹಿಮವನ್ನು ನಾವು ಕಂಡವರಲ್ಲ. ನಮ್ಮಪ್ಪ ಕಂಡವನಲ್ಲ, ಅವನಪ್ಪನೂ ಕಂಡವನಲ್ಲ. ನಮ್ಮ ಕಡೆ ಬೆಳ್ಳಗೆ ರಾಶಿ ಬಿದ್ದಿರೋದು ಅಂದರೆ ಮೂರೇ: ಸುಣ್ಣ, ಉಪ್ಪು, ಹತ್ತಿ. ಮೂರನ್ನೂ ಹೊತ್ತು ಗೊತ್ತು. ಹಂಗಿದ್ದೂ ನಾಲ್ಕಡಿ ಅಗಲ ಮೂರಡಿ ಎತ್ತರದ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಹಿಮದ ಬೆಟ್ಟವೊಂದನ್ನು ಇದ್ದದ್ದು ಇದ್ದ ಹಾಗೆ ಬರೆಯುವುದಕ್ಕೆ ಕೈ ಹಾಕಿದ್ದೇವೆ. ನಾವು ಅಂದರೆ ಕವಿತೆ ಗೀಚುವ ನಾವು, ಜೊತೆಗೆ ಬೋರ್ಡು ಬರೆದು ಬದುಕುವ ನಮ್ಮ ಗೆಳೆಯ. ಕೇರಿಯ ಹುಡುಗರು ಸೇರಿ ಮಾಡಿಕೊಂಡಿರುವ ಓದುವ ಕೋಣೆಗೆ ಒಂದು ಚಿತ್ರ ಬೇಕಿತ್ತು. ಏನು ಬರೆಯಬೇಕು ಅಂತ ಯಾರೂ ಹೇಳಿರಲಿಲ್ಲ.

ಬರೆಯಲು ಶುರು ಮಾಡಿದ ಮೇಲೆ ಹೇಳುವವರು ಬಂದರು. ಸಂಘಟನೆಯ ಹಿರಿಯ ಗೆಳೆಯರೊಬ್ಬರು ಬಾಗಿಲಲ್ಲೇ ನಿಂತು, "ಏನ್ರಪ್ಪಾ, ಕೇರೀಲಿ ಕುಡಿಯೋ ನೀರಿಗೆ ಕೊಡ ಹಿಡ್ಕಂಡು ಸಾಲು ನಿಂತವ್ರೆ, ನೀವಿಲ್ಲಿ ಕೈಲಾಸ ಬರೀತಾ ಕೂತಿದ್ದೀರಲ್ಲ?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಆ ಸಾಲಿನಲ್ಲಿ ನಮ್ಮ ಮನೆಯ ಕೊಡಾನೂ ಇತ್ತು. ಆದರೆ ಗೆಳೆಯರೇ, ನೋವು ನಿಮ್ಮದು, ನೀವು ಅದನ್ನೇ ಬರೀರಿ, ಬೆಟ್ಟ ಮೋಡ ಬೆಳಕು ಇವನ್ನೆಲ್ಲ ಬೇರೆಯವರು ಬರ್ಕೋತಾರೆ ಅನ್ನುವುದು ಕೂಡ ಒಂದು ಗೆರೆಯೇ ಅಲ್ಲವೆ? ಗೆರೆ ಎಳೆದವರು ಊರೊಳಗಿನವರಾದರೂ ಅಷ್ಟೇ, ನಮ್ಮವರಾದರೂ ಅಷ್ಟೇ.

ಇನ್ನೊಂದು ಮಾತು. ನಾವು ಬರೆಯುತ್ತಿರೋದು ಕೈಲಾಸ ಅಲ್ಲ. ಕೈಲಾಸ ನೋಡಿದ್ದೇವೆ. ಊರಲ್ಲಿ ಪೌರಾಣಿಕ ನಾಟಕ ಆಡುವಾಗ ಬಾಡಿಗೆ ಸೀನರಿಯ ಜೊತೆ ಬರುವ ಪರದೆ ಅದು. ಒಂದೇ ಎತ್ತರದ ಹತ್ತು ಕೊಡಕೆ, ಎಲ್ಲಕ್ಕೂ ಒಂದೇ ಬಿಳಿ, ಹಿಂದುಗಡೆ ಒಂದೇ ನೀಲಿ. ಆ ಬೆಟ್ಟಕ್ಕೆ ನೆರಳೇ ಇಲ್ಲ. ಶಾಲೆಯಲ್ಲಿ ಬರೆದದ್ದೂ ಅದರ ತಮ್ಮನನ್ನೇ. ಮೇಷ್ಟ್ರುಗಳಾಗಿರುವ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಹಾವಿನಂಗೆ ಇಳಿಯುವ ಹೊಳೆ, ಹೊಳೆ ದಡದಲ್ಲಿ ಹೆಂಚಿನ ಮನೆ, ಮನೆ ಪಕ್ಕ ತೆಂಗಿನಮರ. ಯಾವನೋ ಒಬ್ಬ ತ್ರಿಕೋನದ ತುದಿಗೆ ಹಿಮದ ಟೋಪಿಯನ್ನೂ ಇಟ್ಟಿರುತ್ತಾನೆ. ತೆಂಗಿನಮರದ ನೆತ್ತಿ ಮೇಲೆ ಹಿಮ! ಕರ್ನಾಟಕದ ಎಷ್ಟು ಲಕ್ಷ ಮಕ್ಕಳು ಈ ಊರಿನಲ್ಲಿ ವಾಸ ಮಾಡಿ ಬಂದಿದ್ದಾರೋ! ಆ ಹೆಂಚಿನ ಮನೆಯೂ ನಮ್ಮದಾಗಿರಲಿಲ್ಲ ಅನ್ನೋದು ಬೇರೆ ಮಾತು.

ನಮಗೆ ಬೇಕಾದದ್ದು ನೆರಳಿರುವ ಬೆಟ್ಟ. ತೂಕ ಇರುವ ಹಿಮ. ಈ ಆಸೆ ಹುಟ್ಟಿಸಿದವನು ಒಬ್ಬ ಮೆಟ್ಟು ಹೊಲಿಯುವುದು ಕಲಿತವನು.

ಅವನ ಹೆಸರು ಜೊವಾನ್ನಿ ಸೆಗಾಂತಿನಿ. 1858ರಲ್ಲಿ ಆರ್ಕೋ ಅನ್ನುವ ಊರಲ್ಲಿ ಹುಟ್ಟಿದ. ಇಟಲಿ ಮಾತಿನ ಊರು, ಆದರೆ ಆಗ ಆಸ್ಟ್ರಿಯಾ ದೊರೆತನಕ್ಕೆ ಸೇರಿತ್ತು. ಏಳು ವರ್ಷಕ್ಕೇ ತಾಯಿ ಸತ್ತಳು. ಅಪ್ಪ ಇವನನ್ನು ಮಿಲಾನಿನಲ್ಲಿದ್ದ ಮಲಅಕ್ಕನ ಮನೆಯಲ್ಲಿ ಬಿಟ್ಟು ಹೋದ, ಆಮೇಲೆ ಅವನೂ ಸತ್ತ. ಬೀದಿ ಅಲೆಯುತ್ತಿದ್ದ ಹುಡುಗನನ್ನು ಪೋಲೀಸರು ಹಿಡಿದು ಸುಧಾರಣಾ ಶಾಲೆಗೆ ಹಾಕಿದರು. ಅಲ್ಲಿ ಅವನ ಕೈಗೆ ಕೊಟ್ಟದ್ದು ಅಕ್ಷರವಲ್ಲ, ಮೆಟ್ಟು ಹೊಲಿಯುವ ಕೆಲಸ. ಅಕ್ಕ ಮಾಡಿದ ಕಾಗದಪತ್ರದ ಗೋಜಲಿನಲ್ಲಿ ಆಸ್ಟ್ರಿಯಾದ ಪೌರತ್ವ ಹೋಯಿತು, ಇಟಲಿಯದು ಸಿಗಲಿಲ್ಲ. ಸಾಯುವ ತನಕ ಯಾವ ದೇಶದ ಪ್ರಜೆಯೂ ಆಗದೆ ಉಳಿದ. ಇಂಥವನು 1886ರಲ್ಲಿ ಸ್ವಿಟ್ಜರ್ಲೆಂಡಿನ ಸಾವೋನ್ಯಿನ್ ಅನ್ನುವ ಬೆಟ್ಟದೂರಿಗೆ ಹೋದ. 1894ರಲ್ಲಿ ಇನ್ನೂ ಮೇಲಕ್ಕೆ, ಮಲೋಯಾಕ್ಕೆ ಏರಿದ. ಆಳೆತ್ತರದ ಕ್ಯಾನ್ವಾಸನ್ನು ಬಯಲಿಗೆ ಹೊತ್ತುಕೊಂಡು ಹೋಗಿ, ಬೆಟ್ಟದ ಎದುರೇ ನಿಂತು ಬರೆಯುತ್ತಿದ್ದ. 1899ರ ಸೆಪ್ಟೆಂಬರಿನಲ್ಲಿ, ಸುಮಾರು 2,700 ಮೀಟರ್ ಎತ್ತರದ ಷಾಫ್‌ಬೆರ್ಗ್ ಬೆಟ್ಟದ ಮೇಲೆ ಚಿತ್ರ ಬರೆಯುತ್ತಿರುವಾಗಲೇ ಹೊಟ್ಟೆಯ ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡ. ವಯಸ್ಸು 41.

ಆಗ ಅವನು ಬರೆಯುತ್ತಿದ್ದದ್ದು ಮೂರು ದೊಡ್ಡ ಚಿತ್ರಗಳ ಸರಣಿ: ಬದುಕು, ನಿಸರ್ಗ, ಸಾವು. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಂತ ಹೊರಟದ್ದು, ಮುಗಿಯದೇ ಉಳಿದವು. ಈಗ ಸೇಂಟ್ ಮೊರಿಟ್ಸ್ ಊರಲ್ಲಿ ಅವನ ಹೆಸರಿನದೇ ಮ್ಯೂಸಿಯಂನಲ್ಲಿವೆ. 'ಸಾವು' ಚಿತ್ರದ ಅಚ್ಚನ್ನು ಗ್ರಂಥಾಲಯದ ಹಳೇ ಪುಸ್ತಕವೊಂದರಲ್ಲಿ ನೋಡಿದೆವು. ನೆಲವೆಲ್ಲ ಹಿಮ, ಹಿಂದೆ ಬೆಟ್ಟದ ಸಾಲು, ಮೇಲೆ ಒಂದು ಮಹಾ ಮೋಡ. ಒಂದು ಮೂಲೆಯಲ್ಲಿ ಸಣ್ಣ ಮನೆ, ಬಾಗಿಲಿನಿಂದ ಹೆಣ ಹೊರಗೆ ಬರುತ್ತಿದೆ. ಹೊತ್ತೊಯ್ಯಲು ಜಾರುಬಂಡಿ ಕಟ್ಟಿದ ಕುದುರೆ ನಿಂತಿದೆ. ಕುದುರೆ ನಿಂತಿರೋ ರೀತೀಲೇ ಚಳಿ ಗೊತ್ತಾಗುತ್ತೆ. ಹಿಮದ ಚಿತ್ರ ಅಂದರೆ ಲಾಡ್ಜಿನ ಕ್ಯಾಲೆಂಡರು ಅಂದುಕೊಂಡಿದ್ದ ನಮಗೆ ಅವತ್ತು ಮಾತೇ ಬರಲಿಲ್ಲ.

ಅವನೂ ನಮ್ಮವನೇ ಅಂತ ಎದೆ ತಟ್ಟಿಕೊಳ್ಳುವುದು ಸುಲಭ. ಹಾಗೆ ಹೇಳುವುದಿಲ್ಲ. ಯೂರೋಪಿನ ಬಡತನ ಒಂದು, ನಮ್ಮ ಜಾತಿ ಇನ್ನೊಂದು. ಮೆಟ್ಟು ಹೊಲಿದ ಕೈ ಅಂತ ಅವನ ಚಿತ್ರವನ್ನು ಯಾರೂ ಮುಟ್ಟದೆ ಬಿಡಲಿಲ್ಲ. ಆದರೂ ತೊಗಲಿಗೆ ದಾರ ಹಾಕುವ ಕೈ ಬಣ್ಣವನ್ನೂ ದಾರದ ಹಾಗೇ ಹಾಕಿತು ಅನ್ನುವುದನ್ನು ನೋಡದೆ ಇರಲಾಗದು. ಅವನು ಬಣ್ಣಗಳನ್ನು ತಟ್ಟೆಯಲ್ಲಿ ಕಲಸಿ ಬಳಿಯುವವನಲ್ಲ. ನೀಲಿಯ ಒಂದು ಎಳೆ, ಪಕ್ಕದಲ್ಲೇ ಕಿತ್ತಳೆಯ ಒಂದು ಎಳೆ, ಅದರ ಪಕ್ಕ ಬಿಳಿ. ಹತ್ತಿರದಿಂದ ನೋಡಿದರೆ ಕಂಬಳಿ ನೇಯ್ದಂಗೆ. ದೂರ ನಿಂತರೆ ಬಿಸಿಲು ಬಿದ್ದ ಹಿಮ. ಕಲಸೋ ಕೆಲಸ ನೋಡುವವನ ಕಣ್ಣಿಗೆ ಬಿಟ್ಟದ್ದು.

ಎದುರಿಗೇ ನಿಂತು ನೋಡಿದ ಹಿಮದ ಚಿತ್ರ ಅಂದರೆ ನಮ್ಮ ಪಾಲಿಗೆ ರೋರಿಕ್ ಅಪ್ಪ-ಮಗನದು, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ. ಅಪ್ಪ ನಿಕೊಲಾಯ್ ರೋರಿಕ್ ರಷ್ಯಾದವರು. ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ, 1947ರಲ್ಲಿ ಅಲ್ಲೇ ಮಣ್ಣಾದರು. ಮಗ ಸ್ವೆತೊಸ್ಲಾವ್ ಬೆಂಗಳೂರಿನ ಹೊರಗೆ ತಾತಗುಣಿಯಲ್ಲಿ ಬಾಳಿ 1993ರಲ್ಲಿ ತೀರಿಕೊಂಡರು. ಅಪ್ಪನ ಹಿಮಾಲಯ ಬಹುಮಟ್ಟಿಗೆ ಎಣ್ಣೆಬಣ್ಣದ್ದಲ್ಲ, ಟೆಂಪರಾ. ಹೊಳಪಿಲ್ಲದ, ಗೋಡೆ ಬಣ್ಣದಂಥ ಮೈ. ಬೆಟ್ಟವನ್ನು ನಾಲ್ಕೈದು ಪದರಕ್ಕೆ ಇಳಿಸಿ, ಒಂದೊಂದಕ್ಕೂ ಒಂದೊಂದು ನೀಲಿ ಕೊಟ್ಟು ಬಿಡುತ್ತಾರೆ. ದೂರ ಅನ್ನೋದು ಗೆರೆಯಲ್ಲಿಲ್ಲ, ಬಣ್ಣದಲ್ಲಿದೆ ಅನ್ನುವ ಪಾಠ ಅಲ್ಲಿ ಸಿಕ್ಕಿತು. ಆದರೆ ಆ ಬೆಟ್ಟಗಳು ಧ್ಯಾನಕ್ಕೆ ಕೂತ ಬೆಟ್ಟಗಳು. ನಮಗೆ ಬೇಕಾದದ್ದು ಕಾಲಿಟ್ಟರೆ ಹೂತುಹೋಗುವ ಬೆಟ್ಟ.

ಬಟ್ಟೆ ಹದ ಮಾಡುವುದರಿಂದ ಶುರು. ಎಣ್ಣೆ ಬರಿ ಬಟ್ಟೆಗೆ ತಗುಲಿದರೆ ಬಟ್ಟೆ ಸುಟ್ಟಂಗಾಗಿ ಕಾಲಾಂತರದಲ್ಲಿ ಲಡ್ಡಾಗುತ್ತೆ. ಅದಕ್ಕೆ ಮೊದಲು ಅಂಟು ಕುಡಿಸಬೇಕು. ಈಗ ಡಬ್ಬಿಯಲ್ಲಿ ಸಿದ್ಧವಾದ ಪ್ರೈಮರು ಸಿಗುತ್ತೆ. ಡಬ್ಬಿಯ ದುಡ್ಡು ಉಳಿಸೋಣ ಅಂತ ಬಡಗಿಯವರ ಹತ್ತಿರ ಸರೇಸು ತಂದು, ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಒಲೆ ಮೇಲಿಟ್ಟೆವು. ಜಗಲಿಯಲ್ಲಿ ಕೂತಿದ್ದ ತಾತನಿಗೆ ಕಣ್ಣು ಮಂಜು. ಮೂಗು ಚುರುಕು.

"ಏನ್ಲಾ ಅದು, ತೊಗಲು ಬೇಯಿಸ್ತಾ ಇದ್ದೀರಾ?"

"ಇಲ್ಲ ತಾತ, ಬಟ್ಟೆಗೆ ಅಂಟು."

"ಅಂಟಂತೆ! ತೊಗಲು ಕಣ್ಲಾ ಅದು. ನನ್ನ ಮೂಗಿಗೇ ಹೇಳ್ಕೊಡ್ತೀಯಾ? ಉರಿ ತಗ್ಸು. ಕುದೀಬಾರ್ದು. ಕುದ್ರೆ ಸತ್ವ ಹೊಂಟೋಯ್ತದೆ."

ಹೌದು, ಸರೇಸು ಅಂದರೆ ತೊಗಲಿನ ಚೂರುಪಾರು, ನರ, ಮೂಳೆ ಬೇಯಿಸಿ ಇಳಿಸಿದ ಸಾರ. ಕುದಿಸಿದರೆ ಹಿಡಿತ ಹೋಗುತ್ತೆ ಅಂತ ಚಿತ್ರಕಲೆಯ ಪುಸ್ತಕಗಳೂ ಹೇಳುತ್ತವೆ. ತಾತ ಓದಿದವನಲ್ಲ. ಸುಣ್ಣದ ಗುಂಡಿಯಲ್ಲಿ ಹಾಕಿ ಕೂದಲು ತೆಗೆದು, ತಂಗಡಿ ಚಕ್ಕೆಯ ನೀರಲ್ಲಿ ನೆನೆಹಾಕಿ ತೊಗಲು ಹದ ಮಾಡಿದವನು. ಆ ವಾಸನೆಗೇ ಊರು ನಮ್ಮನ್ನು ಆಚೆ ಇಟ್ಟದ್ದು. ಅದೇ ವಾಸನೆ ಯೂರೋಪಿನ ದೊಡ್ಡ ದೊಡ್ಡ ಚಿತ್ರಗಳ ಬೆನ್ನಿಗೆ ನೂರಾರು ವರ್ಷ ಅಂಟಿಕೊಂಡಿದೆ. ಅರಮನೆಯವರು ಅದನ್ನು ಗೋಡೆಗೆ ನೇತುಹಾಕಿಕೊಂಡು ನೋಡಿದರು.

ಕೆದಕಿದಷ್ಟೂ ಇದೇ. ಗಟ್ಟಿ ಬಣ್ಣ ಎಳೆಯಲು ಬೇಕಾದ ಒರಟು ಬ್ರಷ್ಷು ಹಂದಿ ಕೂದಲಿನದು. ಬಂಡೆಯ ಸಂದಿಗೆ ಹಾಕುವ ಕಪ್ಪು ಮೂಳೆ ಸುಟ್ಟ ಮಸಿ. ಇನ್ನು ಹಿಮದ ನೆರಳಿಗೆ ಬೇಕಾದ ಪ್ರಷ್ಯನ್ ನೀಲಿಯ ಕತೆ ಕೇಳಿ. 1706ರ ಸುಮಾರಿಗೆ ಬರ್ಲಿನ್ನಿನಲ್ಲಿ ಡೀಸ್‌ಬಾಖ್ ಅನ್ನುವ ಬಣ್ಣ ಮಾಡುವವನು ಕೆಂಪು ಮಾಡಲು ಹೊರಟಿದ್ದ. ಅವನಿಗೆ ಸಿಕ್ಕ ಕ್ಷಾರಕ್ಕೆ ಪ್ರಾಣಿಗಳ ರಕ್ತದ ಅಂಶ ಸೇರಿಕೊಂಡಿತ್ತು. ಕೆಂಪು ಬರಬೇಕಾದಲ್ಲಿ ಗಾಢ ನೀಲಿ ಬಂತು. ಆಮೇಲೆ ಬಹುಕಾಲ ಆ ನೀಲಿಯನ್ನು ಮಾಡಿದ್ದೇ ರಕ್ತ, ಗೊರಸು, ಕೊಂಬು, ತೊಗಲಿನ ಚೂರುಗಳನ್ನು ಕ್ಷಾರದ ಜೊತೆ ಸುಟ್ಟು, ಕಬ್ಬಿಣದ ಉಪ್ಪು ಸೇರಿಸಿ. ತಣ್ಣಗೆ, ಮಡಿಯಾಗಿ ಕಾಣುವ ಹಿಮದ ನೆರಳಿನ ಹುಟ್ಟು ಎಲ್ಲಿ ನೋಡಿ!

ಬಿಳಿಯ ಕತೆ ಇನ್ನೂ ಕೆಟ್ಟದ್ದು. ಸೆಗಾಂತಿನಿಯ ಕಾಲದಲ್ಲಿ ಎಣ್ಣೆಬಣ್ಣದ ಮುಖ್ಯ ಬಿಳಿ ಸೀಸದ್ದು. ವಿನಿಗರ್ ತುಂಬಿದ ಮಡಕೆಗಳಲ್ಲಿ ಸೀಸದ ತಗಡು ಇಟ್ಟು, ಕುದುರೆ ಲದ್ದಿಯಲ್ಲೋ, ತೊಗಲು ಹದ ಮಾಡಿ ಬಿಸಾಕಿದ ಚಕ್ಕೆಯ ರಾಶಿಯಲ್ಲೋ ತಿಂಗಳುಗಟ್ಟಲೆ ಹೂತಿಟ್ಟರೆ ತಗಡಿನ ಮೇಲೆ ಬಿಳಿ ಕಟ್ಟುತ್ತಿತ್ತು. ಅದನ್ನು ಕೆರೆದು, ತೊಳೆದು, ತಲೆ ಮೇಲೆ ಹೊತ್ತವರು ಇಂಗ್ಲೆಂಡಿನ ಬಡ ಹೆಂಗಸರು. ಸೀಸದ ವಿಷ ಏರಿ ಸತ್ತರು. ಚಾರ್ಲ್ಸ್ ಡಿಕನ್ಸ್ ಅವರ ಬಗ್ಗೆ ಬರೆದಿದ್ದಾನೆ. 1921ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೀಸದ ಬಿಳಿಗೆ ಕಡಿವಾಣ ಹಾಕುವ ಒಪ್ಪಂದ ಮಾಡಿತು. ಮನೆಯ ಒಳಗೋಡೆಗೆ ಬಳಿಯಬಾರದು, ಹೆಂಗಸರನ್ನೂ ಹದಿನೆಂಟು ತುಂಬದ ಹುಡುಗರನ್ನೂ ಅಂಥ ಕೆಲಸಕ್ಕೆ ಹಚ್ಚಬಾರದು ಅಂತ. ಕಲಾವಿದರ ಚಿತ್ರಕ್ಕೆ ಮಾತ್ರ ವಿನಾಯಿತಿ! ನಾವು ಬಳಸುತ್ತಿರುವುದು ಟೈಟೇನಿಯಂ ಬಿಳಿ. ಅದು ಬಳಕೆಗೆ ಬಂದದ್ದು 1920ರ ಹೊತ್ತಿಗೆ. ಅದರ ಅದಿರು ನಮ್ಮ ನೆರೆಯ ಕೇರಳದ ಚವರದ ಕಡಲ ಮರಳಿನಲ್ಲೂ ಇದೆ. ಆ ಮರಳು ಕರೀದು.

ಎಣ್ಣೆ ನಮ್ಮ ಅಗಸೆಯದೇ. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಿಲ್ಲ. ಗಾಳಿಯಿಂದ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. ಅದಕ್ಕೇ ಇಲ್ಲಿ ಅವಸರದವನಿಗೆ ಕೆಲಸ ಇಲ್ಲ. ಮೊದಲ ಪದರ ಟರ್ಪೆಂಟೈನ್ ಹಾಕಿ ತೆಳ್ಳಗೆ, ಮೇಲುಮೇಲಕ್ಕೆ ಹೋದಂಗೆ ಎಣ್ಣೆ ಹೆಚ್ಚು. ತಿರುಗುಮುರುಗಾದರೆ ಅಡಿಪದರ ಇನ್ನೂ ಅಲ್ಲಾಡುತ್ತಿರುವಾಗ ಮೇಲ್ಪದರ ಗಟ್ಟಿಯಾಗಿ ಬಿರುಕು ಬಿಡುತ್ತೆ. ದಿನಕ್ಕೆ ಎರಡು ಬೋರ್ಡು ಮುಗಿಸುವ ನಮ್ಮ ಗೆಳೆಯನಿಗೆ ಇದೊಂದು ದೊಡ್ಡ ಶಿಕ್ಷೆ. "ಇಷ್ಟೊತ್ತಿಗೆ ಒಂದು ಬ್ಯಾಂಕಿನ ಬೋರ್ಡು ಬರೆದು ದುಡ್ಡು ಎಣಿಸ್ತಿದ್ದೆ" ಅಂತ ಗೊಣಗುತ್ತಾನೆ. ಬೋರ್ಡಿನ ಕೆಲಸವನ್ನೂ ಈಗ ಫ್ಲೆಕ್ಸಿನ ಯಂತ್ರ ತಿಂದು ಹಾಕಿದೆ, ಅದನ್ನು ಅವನು ಹೇಳುವುದಿಲ್ಲ.

ಬೆಟ್ಟದ ಮೂಳೆಯನ್ನು ಮೊದಲು ಬರೆಯಬೇಕು. ಏಣು ಎಲ್ಲಿ, ಕೊರಕಲು ಎಲ್ಲಿ, ಬಂಡೆ ಎಲ್ಲಿ ನೆಟ್ಟಗೆ ನಿಂತಿದೆ. ಕಂದು ನೀಲಿ ಕಲಸಿದ ತೆಳುಬಣ್ಣದಲ್ಲಿ ಇಷ್ಟನ್ನೂ ಇಳಿಸಬೇಕು. ಹಿಮ ಅದರ ಮೇಲೆ ಹೊದ್ದ ಬಟ್ಟೆ. ಕಡಿದಾದ ಕಡೆ ಹಿಮ ನಿಲ್ಲುವುದಿಲ್ಲ, ಜಾರಿ ಕೆಳಗೆ ತುಂಬಿಕೊಳ್ಳುತ್ತೆ. ಅದಕ್ಕೇ ನಿಜವಾದ ಹಿಮದ ಬೆಟ್ಟದಲ್ಲಿ ಅಷ್ಟೊಂದು ಕಪ್ಪು. ಕ್ಯಾಲೆಂಡರಿನ ಬೆಟ್ಟದಲ್ಲಿ ಈ ಕಪ್ಪು ಇರೋದಿಲ್ಲ.

ಬಣ್ಣ ಕಲಿತದ್ದು ಮೊಬೈಲಿನ ಫೋಟೋದಲ್ಲಲ್ಲ, ಕೇರಿಯಲ್ಲಿ. ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯನ್ನು ಸಂಜೆ ಐದರ ಹೊತ್ತಿಗೆ ನೋಡಿ. ಒಂದು ರಟ್ಟಿಗೆ ಕಾಳಿನಷ್ಟು ತೂತು ಮಾಡಿ, ತೂತಿನಿಂದ ಬರೀ ಬಿಸಿಲಿನ ಭಾಗ ನೋಡಿ, ಆಮೇಲೆ ಬರೀ ನೆರಳಿನ ಭಾಗ. ಬಿಸಿಲಿನ ಬಿಳಿ ಬಿಳಿಯಲ್ಲ, ಬೆಣ್ಣೆಗೆ ಚೂರು ಅರಿಸಿನ ಬಿದ್ದಂಗೆ. ನೆರಳು ಬೂದಿಯಲ್ಲ, ನೀಲಿ. ಬಿಸಿಲು ತಾಗದ ಜಾಗಕ್ಕೆ ಬೆಳಕು ಕೊಡುವುದು ಆಕಾಶವೊಂದೇ. ಆಕಾಶದ ಬಣ್ಣವೇ ಅಲ್ಲಿ ಕೂರುತ್ತೆ. ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಮಾಡಿಸಬಹುದು, ಖರ್ಚು ಒಂದು ರಟ್ಟಿನ ಚೂರು. ಸುಣ್ಣದ ಗೋಡೆಯಲ್ಲಿ ಕಂಡದ್ದೇ ಹಿಮದಲ್ಲೂ. ಅಲ್ಟ್ರಾಮರೀನು, ಚೂರು ಕೆಂಪು, ಬಿಳಿ ಕಲಸಿ ನೆರಳಿನ ಕಡೆ ಪೂರ್ತಿ ಮುಚ್ಚಿದೆವು. ಇಡೀ ಬೆಟ್ಟ ನೇರಳೆ ಬಣ್ಣಕ್ಕೆ ತಿರುಗಿ, ಬಂದವರೆಲ್ಲ ನಗಾಡಿದರು. ಆಕಾಶವನ್ನು ಹಿಮಕ್ಕಿಂತ ಗಾಢ ಮಾಡಿದೆವು, ಮೇಲಕ್ಕೆ ಹೋದಷ್ಟೂ ಇನ್ನೂ ಗಾಢ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಆಕಾಶ ಕಪ್ಪಿಗೆ ಹತ್ತಿರ.

ಅಪ್ಪಟ ಬಿಳಿ ಮಾತ್ರ ಟ್ಯೂಬಿನಲ್ಲೇ ಇತ್ತು. ಅದನ್ನು ಮೊದಲೇ ಖರ್ಚು ಮಾಡಿದವನಿಗೆ ಆಮೇಲೆ ಬೆಳಕು ತೋರಿಸಲು ಏನೂ ಉಳಿಯುವುದಿಲ್ಲ. ಎರಡು ವಾರ ಬಿಟ್ಟು, ಕೆಳಗಿನ ಪದರ ಒಣಗಿದ ಮೇಲೆ, ಬಣ್ಣದ ಚಾಕುವಿನ ಅಂಚಿಗೆ ಬಿಳಿ ತಗೊಂಡು ಏಣಿನ ಮೇಲಿಂದ ಕೆಳಕ್ಕೆ ಒತ್ತಡವಿಲ್ಲದೆ ಎಳೆದೆವು. ಒರಟು ಮೈಗೆ ಸಿಕ್ಕಲ್ಲಿ ಹತ್ತಿತು, ತಗ್ಗಿನಲ್ಲಿ ಹತ್ತಲಿಲ್ಲ. ಹತ್ತದೆ ಉಳಿದ ಕಡೆ ಬಂಡೆ ಕಂಡಿತು. ನಗಾಡಿದವರು ಸುಮ್ಮನಾದರು. ನಮ್ಮ ಗೆಳೆಯ ಚಾಕು ಕೆಳಗಿಟ್ಟು ಬೀಡಿ ಹಚ್ಚಲು ಆಚೆ ಹೋದ. ಕೋಣೆಯೊಳಗೆ ಟರ್ಪೆಂಟೈನ್ ಇತ್ತಲ್ಲ.

ನಮ್ಮವ್ವ ಬಂದು ನೋಡಿದ್ದು ಆವಾಗ. ಬಹಳ ಹೊತ್ತು ನೋಡಿ, "ಅಲ್ಲಿ ಯಾರವ್ರೆ?" ಅಂದಳು.

"ಯಾರೂ ಇಲ್ಲವ್ವ. ಬೆಟ್ಟ."

"ಯಾರೂ ಇಲ್ದಿದ್ರೆ ಈ ದಾರಿ ಯಾರು ಮಾಡಿದ್ರು?"

ಮುಂಭಾಗ ಬರಿದಾಗಿ ಕಾಣುತ್ತೆ ಅಂತ ಹಿಮದ ನಡುವೆ ಒಂದು ದಾರಿ ಎಳೆದಿದ್ದೆವು. ನೋಡುವವರ ಕಣ್ಣು ಬೆಟ್ಟದ ಕಡೆ ಹೋಗಲಿ ಅಂತ. ಜೀವಮಾನವಿಡೀ ರಸ್ತೆ ಕೆಲಸಕ್ಕೆ ಮಣ್ಣು ಹೊತ್ತವಳಿಗೆ ದಾರಿ ಅಂದರೆ ಕಣ್ಣು ಹೋಗೋದಲ್ಲ, ಕೂಲಿ.

ಆ ದಾರಿ ಮಾಡುವವರು ಇದ್ದಾರೆ. 1960ರಲ್ಲಿ ಶುರುವಾದ ಗಡಿ ರಸ್ತೆಗಳ ಸಂಸ್ಥೆಯ ಕೆಲಸಕ್ಕೆ ಲಡಾಖಿನ ಹಿಮದೊಳಕ್ಕೆ ಹೋಗುವ ಕೂಲಿಗಳಲ್ಲಿ ಜಾರ್ಖಂಡಿನ ದುಮ್ಕಾ ಕಡೆಯ ಆದಿವಾಸಿಗಳು ಬಹಳ. 2020ರ ಜೂನಿನಲ್ಲಿ, ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದು ಆಗಷ್ಟೇ ತೆರೆಯುತ್ತಿದ್ದಾಗ, ಅವರನ್ನು ವಿಶೇಷ ರೈಲಿನಲ್ಲಿ ಕರೆದೊಯ್ದರು. ನಮ್ಮಂತೆಯೇ ಹಿಮ ಕಾಣದ ಊರಿನವರು. ನಮ್ಮ ನಾಡಿನ ಹಳ್ಳಿಯವರೂ ಹಿಮ ನೋಡಿದ್ದಾರೆ, ಸಿಪಾಯಿಗಳಾಗಿ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಅವರಲ್ಲಿ ಮೂವರು ಕನ್ನಡನಾಡಿನವರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನವಾದ ಮೇಲೂ ಉಸಿರಾಡುತ್ತಾ ಸಿಕ್ಕರು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ನಾವು ಶಾಲೆಯಲ್ಲಿದ್ದೆವು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಎರಡು ನಿಮಿಷ ಮೌನ ಮಾಡಿಸಿದರು. ಬಿಸಿಲಿಗೆ ಕಾಲು ಸುಡುತ್ತಿತ್ತು. ಇಪ್ಪತ್ತೈದು ಅಡಿ ಹಿಮದ ಕೆಳಗೆ ಬೆಳಕು ಯಾವ ಬಣ್ಣ ಇರುತ್ತೆ ಅನ್ನುವುದನ್ನು ಯೋಚಿಸುವಷ್ಟು ಬುದ್ಧಿ ಅವತ್ತು ಇರಲಿಲ್ಲ. ಹಿಮ ಕೆಂಪನ್ನು ನುಂಗಿಕೊಂಡು ನೀಲಿಯನ್ನು ಒಳಗೆ ಬಿಡುತ್ತೆ. ಆಳ ಹೋದಷ್ಟೂ ನೀಲಿ, ಆಮೇಲೆ ಕತ್ತಲೆ.

ಅವ್ವ ಕೇಳಿ ಹೋದ ಮೇಲೆ ನಮ್ಮಿಬ್ಬರಿಗೂ ಜಗಳ. ಗೆಳೆಯ ಒಬ್ಬ ಸಿಪಾಯಿಯನ್ನು ನಿಲ್ಲಿಸೋಣ ಅಂದ. ಸಿಪಾಯಿ ನಿಂತರೆ ಚಿತ್ರ ಬಾವುಟವಾಗುತ್ತೆ, ಬೇಡ ಅಂದೆವು. ಸಣ್ಣದಾಗಿ ಒಂದು ಆಕಾರ ಇಟ್ಟರೆ ಬೆಟ್ಟ ದೊಡ್ಡದಾಗಿ ಕಾಣಲಿ ಅಂತ ಇಟ್ಟಂಗಾಗುತ್ತೆ. ಅಳತೆಗೆ ಕಡ್ಡಿ ನಿಲ್ಲಿಸಿದಂಗೆ. ಅದೂ ಬೇಡ. ಎರಡು ದಿನ ಮಾತು ಬಿಟ್ಟಿದ್ದೆವು. ಮೂರನೇ ದಿನ ದಾರಿಯ ಎರಡೂ ಪಕ್ಕ ಹಿಮವನ್ನು ಸಲಿಕೆಯಲ್ಲಿ ಕಡಿದ ಗೋಡೆ ಬರೆದೆವು, ಎದೆಯೆತ್ತರ. ಕಡಿದ ಮೈಯಲ್ಲಿ ಸಲಿಕೆಯ ಏಟು ಒಂದೊಂದೂ ಕಾಣುವ ಹಾಗೆ, ಏಟಿನ ಒಳಗೆ ಪ್ರಷ್ಯನ್ ನೀಲಿ. ಗೋಡೆಯ ಹತ್ತಿರ, ಚಿತ್ರದ ಅಂಚಿಗೆ, ಬಗ್ಗಿದ ಒಬ್ಬ ಆಳು. ಮುಖ ಕಾಣುವುದಿಲ್ಲ, ಬೆನ್ನು ಮತ್ತು ಕೈ. ದಾರಿ ಅವನ ಮುಂದೆ ನಿಂತುಹೋಗಿದೆ, ಅಲ್ಲಿಂದಾಚೆಗೆ ಕಡಿಯದ ಹಿಮ. ಬೆಟ್ಟ ಚೂರು ಹಿಂದಕ್ಕೆ ಸರಿಯಿತು. ಬಣ್ಣದ ಲೆಕ್ಕದಲ್ಲಿ ಅಲ್ಲಿ ಅಷ್ಟು ಗಾಢ ಕೂರಬಾರದು ಅಂತ ಈಗಲೂ ನಮ್ಮ ಗೆಳೆಯನ ವಾದ. ಅವನ ಮಾತಲ್ಲೂ ಸತ್ಯ ಇದೆ. ನಾವು ಬಿಡಲಿಲ್ಲ.

ನಿನ್ನೆ ಅವ್ವ ಮತ್ತೆ ಬಂದಿದ್ದಳು. ಸಲಿಕೆ ಹಿಡಿದ ಕೈಯನ್ನೇ ನೋಡಿ, "ಬರಿಗೈಲಿ ನಿಲ್ಸಿದ್ದೀರಲ್ಲೋ ಪಾಪ, ಮರಗಟ್ಟೋಗಲ್ವ?" ಅಂದಳು. ಕೈಗವಸು ಹಾಕಬೇಕು. ಅಲ್ಲಿ ಬಣ್ಣ ದಪ್ಪ ಇದೆ, ಒಣಗೋಕೆ ಇನ್ನೂ ಹತ್ತು ದಿನವಾದರೂ ಬೇಕು.